ನೋಡದೆ ಬಿಡುವ ಲೆಕ್ಕ

(ಧಾರವಾಡದಲ್ಲಿ ಒಂದು ಭಾನುವಾರ ಸಂಜೆ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಹಲಗೆಯ ಮೇಲೆ ಗೀಚಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ. ನಡುವೆ ಕರೆಂಟು ಹೋದಾಗ ಆಡಿದ ಹತ್ತು ನಿಮಿಷದ ಹರಟೆಯನ್ನು ಕೈಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಆಟ ಆಡುವುದು ಹೇಗೆ ಎಂದು ಕರಪತ್ರದಲ್ಲಿ ಅಚ್ಚಾಗಿದೆ, ನಾನು ನೋಡಿದರೆ ಹಲಗೆಯ ಮೇಲೆ ಹುಲಿ–ಕುರಿ ಆಟದ ಮನೆ ಬರೆಯುತ್ತಿದ್ದೇನೆ. ಮುಂದಿನ ಸಾಲಿನ ಹಿರಿಯರು ನಗುತ್ತಿದ್ದಾರೆ, ಹಿಂದಿನ ಸಾಲಿನ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಹುಡುಗರಿಗಾಗಿ ನಿಯಮ ಹೇಳಿಬಿಡುತ್ತೇನೆ. ಒಂದು ತ್ರಿಕೋನ, ಅದರ ತುದಿಯಿಂದ ಇಳಿಯುವ ಗೆರೆಗಳು, ಅವನ್ನು ಕತ್ತರಿಸುವ ಅಡ್ಡಗೆರೆಗಳು. ಗೆರೆ ಕೂಡುವಲ್ಲೆಲ್ಲ ಒಂದು ಮನೆ, ಒಟ್ಟು 23. ಹುಲಿ 3, ಕುರಿ 15. ಊರು ಬದಲಾದರೆ ಲೆಕ್ಕ ಬದಲಾಗುತ್ತದೆ, ಹೆಸರೂ ಬದಲಾಗುತ್ತದೆ. ಹುಲಿಕಟ್ಟು ಎನ್ನುವವರಿದ್ದಾರೆ, ಆಡು–ಹುಲಿ ಎನ್ನುವವರಿದ್ದಾರೆ. ಇವತ್ತಿನ ಮಟ್ಟಿಗೆ ನನ್ನ ಲೆಕ್ಕ ನಡೆಯಲಿ. ಕುರಿಯವನು ಸರದಿಗೆ ಒಂದರಂತೆ ಕುರಿ ಇಡುತ್ತಾನೆ. ಹುಲಿ ಗೆರೆ ಹಿಡಿದು ಒಂದು ಮನೆ ಸರಿಯುತ್ತದೆ, ಇಲ್ಲವೇ ಪಕ್ಕದ ಕುರಿಯನ್ನು ಹಾರಿ ಆಚೆಯ ಖಾಲಿ ಮನೆಗೆ ಹೋಗಿ ಅದನ್ನು ತಿನ್ನುತ್ತದೆ. ಮೂರು ಹುಲಿಗಳನ್ನೂ ಅಲುಗದಂತೆ ಕಟ್ಟಿದರೆ ಕುರಿಯವನು ಗೆದ್ದ.

ಈ ಆಟಕ್ಕೆ ನಾನು ಪ್ರೋಗ್ರಾಂ ಬರೆದದ್ದು ತೊಂಬತ್ತರ ದಶಕದಲ್ಲಿ, ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಗ. ಯಂತ್ರ ಹುಲಿ, ಮನುಷ್ಯ ಕುರಿ. ಗೆಳೆಯರನ್ನೆಲ್ಲ ಸೋಲಿಸಿತು. ಆ ಹಮ್ಮಿನಲ್ಲಿ, ಅಣ್ಣಿಗೇರಿಯಿಂದ ಬಂದಿದ್ದ ಸೋದರಮಾವನನ್ನು ಅದರ ಮುಂದೆ ಕೂರಿಸಿದೆ. ಮಾವ ಕಂಪ್ಯೂಟರ್ ಮುಟ್ಟಿದವರಲ್ಲ, ಅವರು ಹೇಳಿದ ಮನೆಗೆ ನಾನೇ ಕೀಲಿ ಒತ್ತುತ್ತಿದ್ದೆ. ಅರ್ಧ ಗಂಟೆಯಲ್ಲಿ ಮೂರೂ ಹುಲಿಗಳು ಮೂಲೆಗೆ ಬಿದ್ದವು. ‘ಏನಪಾ ಅಳಿಯಾ, ನಿನ್ನ ಹುಲಿ ಹೆದರಿಸುವುದನ್ನು ಕಲಿತಿದೆ, ತಿನ್ನುವುದನ್ನು ಕಲಿತಿಲ್ಲ’ ಎಂದರು. ಆ ಮಾತಿನೊಳಗೆ ಏನಿತ್ತು ಎಂದು ನನಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಎಣಿಕೆ. ಹಲಗೆ ನೋಡಿ. 23 ಮನೆಯಲ್ಲಿ ಮೂರು ಹುಲಿಗಳು ಕೂತಿವೆ, ಮೊದಲ ಕುರಿಗೆ 20 ಮನೆ ಖಾಲಿ. ಹುಲಿಗೆ ಪ್ರತಿ ಸಲ ಸುಮಾರು 6 ನಡೆಗಳಿವೆ ಎಂದಿಟ್ಟುಕೊಳ್ಳಿ. ಒಂದು ಜೋಡಿ ನಡೆಗೆ 120 ದಾರಿ. ಎರಡನೆಯ ಕುರಿಗೆ 19 ಮನೆ, ಮತ್ತೆ ಹುಲಿಗೆ 6: ಒಟ್ಟು 13,680. ಮೂರನೆಯ ಜೋಡಿಗೆ 14,77,440. ಇನ್ನೂ ಮೂರೇ ಕುರಿ ಇಟ್ಟಿದ್ದೇವೆ, ಹನ್ನೆರಡು ಕೈಯಲ್ಲಿವೆ. ಇಲ್ಲಿ ಒಂದೊಂದು ನಡೆಯೂ ಕವಲೊಡೆದು ಮರವಾಗುತ್ತದೆ. ಆ ಮರದಲ್ಲಿ ಒಳ್ಳೆಯ ಕೊಂಬೆ ಹುಡುಕುವುದೇ ಯಂತ್ರದ ಕೆಲಸ.

ಚದುರಂಗಕ್ಕೆ ಈ ಲೆಕ್ಕ ಹಾಕಿದವನು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್. ಅವನ ಲೇಖನ ಅಚ್ಚಾದದ್ದು 1950ರಲ್ಲಿ, ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಿಂದ ಧಾರವಾಡಕ್ಕೆ ಬಂದ ವರ್ಷ. ಚದುರಂಗದ ಒಂದು ಸಾಧಾರಣ ಆಟ 40 ಜೋಡಿ ನಡೆಗಳದ್ದು ಎಂದುಕೊಂಡರೆ, ಆಡಬಹುದಾದ ಆಟಗಳ ಸಂಖ್ಯೆ ಒಂದರ ಮುಂದೆ 120 ಸೊನ್ನೆ ಎಂದು ಅವನು ಅಂದಾಜು ಮಾಡಿದ. ಕೊನೆಯ ತನಕ ನೋಡುವ ಆಸೆ ಬಿಡಿ, ಕೆಲವು ನಡೆ ಮುಂದೆ ನೋಡಿ, ಅಲ್ಲಿ ನಿಂತು, ಸ್ಥಿತಿಗೆ ಒಂದು ಅಂಕ ಕೊಡಿ ಎಂದ. ಅಂಕ ಕೊಡುವುದು ದೊಡ್ಡ ವಿದ್ಯೆಯೇನಲ್ಲ. ನನ್ನ ಪ್ರೋಗ್ರಾಂನಲ್ಲಿ ತಿಂದ ಕುರಿಗೆ ಹತ್ತು, ಹುಲಿಗೆ ಸರಿಯಲು ಇರುವ ಪ್ರತಿ ಖಾಲಿ ಮನೆಗೆ ಒಂದು. ಅಷ್ಟೇ.

ಅಂಕ ಕೊಟ್ಟ ಮೇಲೆ ಮರದ ತುದಿಯಿಂದ ಬುಡಕ್ಕೆ ಇಳಿದು ಬರಬೇಕು. ನನ್ನ ಸರದಿಯಲ್ಲಿ ಅತಿ ಹೆಚ್ಚಿನ ಅಂಕವನ್ನು ನಾನು ಆರಿಸುತ್ತೇನೆ, ಎದುರಾಳಿಯ ಸರದಿಯಲ್ಲಿ ಅವನು ನನಗೆ ಅತಿ ಕಡಿಮೆ ಸಿಗುವುದನ್ನು ಆರಿಸುತ್ತಾನೆ. ಇದಕ್ಕೆ ಮಿನಿಮ್ಯಾಕ್ಸ್ ಎಂದು ಹೆಸರು. ಎದುರಾಳಿ ನನ್ನಷ್ಟೇ ಜಾಣ ಎಂದು ನಂಬಿ ಆಡುವ ಪದ್ಧತಿ ಇದು, ಆ ವಿನಯ ನನಗೆ ಇಷ್ಟ. ಇದನ್ನು ಯಂತ್ರವೇ ಇಲ್ಲದೆ ಮಾಡಿ ನೋಡಿದವನು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್. 1952ರಲ್ಲಿ ತನ್ನ ಚದುರಂಗದ ಪ್ರೋಗ್ರಾಮನ್ನು ಕಾಗದದ ಮೇಲೆ ತಾನೇ ಲೆಕ್ಕ ಹಾಕುತ್ತ, ಒಂದೊಂದು ನಡೆಗೆ ಅರ್ಧ ಗಂಟೆ ತೆಗೆದುಕೊಂಡು, ಸಹೋದ್ಯೋಗಿಯೊಬ್ಬನ ಎದುರು ಆಡಿದ. ಸೋತ.

ಈಗ ಇವತ್ತಿನ ಮುಖ್ಯ ಮಾತಿಗೆ ಬರೋಣ. ಹುಬ್ಬಳ್ಳಿ–ಧಾರವಾಡದಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಹೆಸರು ಹೇಳಿದರೆ ಸಾಕು: ಆಲ್ಫಾ–ಬೀಟಾ.

ಮೂರು ಮನೆ ನೋಡಲು ಹೊರಟಿದ್ದೀರಿ. ಪ್ರತಿ ಮನೆಯಲ್ಲೂ ನಾಲ್ಕು ವಿಷಯ ವಿಚಾರಿಸಬೇಕು: ನೀರು, ಬಸ್ ನಿಲ್ದಾಣದ ದೂರ, ಗಾಳಿ–ಬೆಳಕು, ಮಾಲೀಕರ ಸ್ವಭಾವ. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಮನೆಯ ಯೋಗ್ಯತೆ ಅದರ ಅತಿ ಕೆಟ್ಟ ಗುಣದಷ್ಟೇ ಎಂದು ನಿಮ್ಮ ಅಭಿಪ್ರಾಯ. ಸರಿಯಾದ ಅಭಿಪ್ರಾಯವೇ, ಏಕೆಂದರೆ ಒಳಗೆ ಹೋದ ಮೇಲೆ ದಿನಾಲೂ ಚುಚ್ಚುವುದು ಅದೊಂದೇ. ನಿಮ್ಮ ನಡೆ ಮನೆ ಆರಿಸುವುದು, ಮನೆಯ ನಡೆ ತನ್ನ ದೋಷದಿಂದ ನಿಮ್ಮನ್ನು ಚುಚ್ಚುವುದು. ಎರಡು ಮಟ್ಟದ ಆಟ.

ಮೊದಲ ಮನೆ: ನೀರು 6, ಬಸ್ 5, ಬೆಳಕು 7, ಮಾಲೀಕರು 8. ಕನಿಷ್ಠ 5. ಅಂದರೆ ಏನೇ ಆಗಲಿ 5ರ ಮನೆ ಕೈಯಲ್ಲಿದೆ, ಇದಕ್ಕಿಂತ ಕೆಳಗೆ ಇಳಿಯುವ ದರ್ದು ನಿಮಗಿಲ್ಲ. ಈ 5 ನಿಮ್ಮ ಆಲ್ಫಾ. ಎರಡನೆಯ ಮನೆಯ ಬಾಗಿಲಲ್ಲೇ ಕೇಳಿದಿರಿ: ನೀರು ಎಷ್ಟು ದಿನಕ್ಕೊಮ್ಮೆ? ವಾರಕ್ಕೊಮ್ಮೆ, ಮೇಲಾಗಿ ಸಂಪು ಇಲ್ಲ. ಅಂಕ 2. ಚಪ್ಪಲಿ ಬಿಡದೆ ಹಿಂದಿರುಗಿದಿರಿ. ಒಳಗೆ ಬೆಳಕು ಹೇಗಿತ್ತು, ಮಾಲೀಕರು ಎಂಥವರು, ಒಂದನ್ನೂ ನೋಡಲಿಲ್ಲ. ಆ ಮನೆಯ ನಿಜವಾದ ಅಂಕ 2 ಇರಬಹುದು, 1 ಇರಬಹುದು, ಅದು ನಿಮಗೆ ಬೇಕಾಗಿಯೇ ಇಲ್ಲ. 5ನ್ನು ಮೀರುವುದಿಲ್ಲ ಎಂದು ತಿಳಿಯಿತಲ್ಲ, ಸಾಕು. ಮೂರನೆಯ ಮನೆ: ನೀರು 7, ಬಸ್ 6, ಬೆಳಕು 4. ಅಲ್ಲಿಗೆ ನಿಂತಿತು. ಮಾಲೀಕರು ದೇವರಂಥವರೇ ಇದ್ದರೂ ಪ್ರಯೋಜನವಿಲ್ಲ.

ಹನ್ನೆರಡು ಪ್ರಶ್ನೆಗಳಲ್ಲಿ ಎಂಟನ್ನು ಕೇಳಿದಿರಿ. ಹನ್ನೆರಡನ್ನೂ ಕೇಳಿದ್ದರೂ ಸಿಗುತ್ತಿದ್ದದ್ದು ಅದೇ ಮೊದಲ ಮನೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಇಲ್ಲಿ ತಪ್ಪುತ್ತಾರೆ: ಆಲ್ಫಾ–ಬೀಟಾ ಅಂದಾಜಿನ ಉಪಾಯವಲ್ಲ. ಉತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ, ಕೆಲಸ ಮಾತ್ರ ಕಡಿಮೆಯಾಗುತ್ತದೆ. ಎದುರಾಳಿಯ ಕಡೆಯಿಂದ ಇದೇ ಗೆರೆ ಎಳೆದರೆ ಬೀಟಾ. ಮರ ಆಳವಾದಾಗ ಎರಡೂ ಗೆರೆಗಳು ಒಟ್ಟಿಗೆ ಇಳಿಯುತ್ತವೆ.

ಎಷ್ಟು ಉಳಿತಾಯ ಎನ್ನುವುದು ಪೂರ್ತಿ ಕ್ರಮದ ಮೇಲೆ ನಿಂತಿದೆ. ಎರಡನೆಯ ಮನೆಯಲ್ಲಿ ನೀರಿನ ಮಾತನ್ನು ಕೊನೆಗೆ ಕೇಳಿದ್ದರೆ ಚಹಾ ಕುಡಿದು, ಮಹಡಿ ಹತ್ತಿ, ಮಾಲೀಕರ ಮಗನ ಬೆಂಗಳೂರಿನ ಕಥೆ ಕೇಳಿ, ಕೊನೆಯಲ್ಲಿ ಎದ್ದು ಬರಬೇಕಾಗುತ್ತಿತ್ತು. ಹಿಂದಿನ ಮನೆಯನ್ನು ಕೊಂದ ಪ್ರಶ್ನೆಯನ್ನು ಮುಂದಿನ ಮನೆಯಲ್ಲಿ ಮೊದಲು ಕೇಳುವುದಕ್ಕೆ ಚದುರಂಗದ ಪ್ರೋಗ್ರಾಂ ಬರೆಯುವವರು ‘ಕಿಲ್ಲರ್’ ಉಪಾಯ ಎನ್ನುತ್ತಾರೆ. ನಮ್ಮ ಊರಿನವರು ಹೆಸರಿಡದೆ ಅದನ್ನೇ ಮಾಡುತ್ತಾರೆ. ಮನೆಗಳನ್ನು ನೋಡುವ ಕ್ರಮವೂ ಅಷ್ಟೇ ಮುಖ್ಯ. ಒಳ್ಳೆಯ ಮನೆ ಮೊದಲೇ ಕಂಡರೆ ಆಲ್ಫಾ ಎತ್ತರಕ್ಕೆ ಏರುತ್ತದೆ, ಉಳಿದವು ಪಟಪಟನೆ ಬೀಳುತ್ತವೆ. ದಲ್ಲಾಳಿಗಳು ಹಾಳು ಮನೆಯನ್ನು ಮೊದಲು ತೋರಿಸುವುದೇಕೆ? ನಿಮ್ಮ ಆಲ್ಫಾ ನೆಲದಲ್ಲೇ ಇರಲಿ ಎಂದು.

ಈ ಉಪಾಯ ಒಬ್ಬರದ್ದಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಜಾನ್ ಮೆಕಾರ್ಥಿಗೂ, ನ್ಯೂವೆಲ್, ಶಾ, ಸೈಮನ್ ಮೂವರಿಗೂ ಹೊಳೆಯಿತು. ಸೋವಿಯತ್ ದೇಶದಲ್ಲಿ ಬ್ರುಡ್ನೊ 1963ರಲ್ಲಿ ಪ್ರಕಟಿಸಿದ. ಅದರ ಗಣಿತವನ್ನು ಬಿಗಿಯಾಗಿ ಬಿಡಿಸಿ ತೋರಿಸಿದ್ದು 1975ರಲ್ಲಿ ಡೊನಾಲ್ಡ್ ಕನೂತ್ ಮತ್ತು ರೊನಾಲ್ಡ್ ಮೂರ್. ಚದುರಂಗದಲ್ಲಿ ಒಂದು ಸ್ಥಿತಿಗೆ ಸುಮಾರು 35 ನಡೆಗಳು ಎಂದಿಟ್ಟುಕೊಂಡರೆ ನಾಲ್ಕು ಮಟ್ಟದ ಮರದ ತುದಿಯಲ್ಲಿ 15,00,625 ಎಲೆಗಳಿವೆ, ಎಂದರೆ ಅಂಕ ಕೊಡಬೇಕಾದ ಕೊನೆಯ ಸ್ಥಿತಿಗಳು. ಕ್ರಮ ಅತ್ಯುತ್ತಮವಾಗಿದ್ದರೆ ಅವುಗಳಲ್ಲಿ 2,449 ನೋಡಿದರೆ ಸಾಕು. ಕ್ರಮ ತೀರಾ ಕೆಟ್ಟದ್ದಾಗಿದ್ದರೆ ಹದಿನೈದು ಲಕ್ಷವನ್ನೂ ನೋಡಬೇಕು. ನನಗೆ ಇಡೀ ಶಾಸ್ತ್ರದಲ್ಲಿ ಅತಿ ಸೊಗಸಾದ ಫಲಿತಾಂಶ ಇದು. ಅದೇ ಸಮಯದಲ್ಲಿ ಎರಡರಷ್ಟು ಆಳ ನೋಡಬಹುದು, ಯಂತ್ರ ಬದಲಿಸದೆ.

ಒಳ್ಳೆಯ ಕ್ರಮ ಎಲ್ಲಿಂದ ತರುವುದು? ಮೊದಲು ಒಂದು ಮಟ್ಟ ನೋಡಿ, ಆಮೇಲೆ ಮೊದಲಿನಿಂದ ಎರಡು ಮಟ್ಟ, ಮತ್ತೆ ಮೊದಲಿನಿಂದ ಮೂರು. ಮಾಡಿದ ಕೆಲಸವನ್ನೇ ಮಾಡುವ ದಡ್ಡತನದಂತೆ ಕಾಣುತ್ತದೆ. ಎಲೆ ಎಣಿಸಿ: ಮೊದಲ ಮೂರು ಮಟ್ಟಗಳದ್ದು ಒಟ್ಟು 44,135, ನಾಲ್ಕನೆಯದರಲ್ಲಿ ಶೇಕಡಾ ಮೂರರಷ್ಟೂ ಇಲ್ಲ. ಆ ಚಿಲ್ಲರೆ ಖರ್ಚಿಗೆ, ಯಾವ ನಡೆ ಚೆನ್ನಾಗಿದ್ದೀತು ಎಂಬ ಸುಳಿವು ಸಿಗುತ್ತದೆ. ಗಡಿಯಾರ ಮುಗಿಯುತ್ತ ಬಂದರೆ ಕೈಯಲ್ಲಿ ಒಂದು ಉತ್ತರವೂ ಇರುತ್ತದೆ.

ಇನ್ನೊಂದು ಉಳಿತಾಯ ಹುಲಿ–ಕುರಿಯಲ್ಲಿ ಎದ್ದು ಕಾಣುತ್ತದೆ. ಮೂರು ಕುರಿಗಳನ್ನು ಮೂರು ಮನೆಗಳಲ್ಲಿ ಆರು ಕ್ರಮಗಳಲ್ಲಿ ಇಡಬಹುದು, ಹುಲಿಗಳು ಇದ್ದಲ್ಲೇ ಬಂದು ನಿಂತರೆ ಆರೂ ಒಂದೇ ಸ್ಥಿತಿ. ಒಮ್ಮೆ ಲೆಕ್ಕ ಹಾಕಿದ್ದನ್ನು ಬರೆದಿಟ್ಟುಕೊಂಡರೆ ಐದು ಸಲದ ದುಡಿತ ತಪ್ಪಿತು. ಬರೆದಿಡಲು ಪ್ರತಿ ಸ್ಥಿತಿಗೂ ಒಂದು ನಂಬರು ಬೇಕು. 1970ರಲ್ಲಿ ಆಲ್ಬರ್ಟ್ ಜೋಬ್ರಿಸ್ಟ್ ಹೇಳಿದ ದಾರಿ ನೋಡಿ. 23 ಮನೆ, ಎರಡು ಬಗೆಯ ಕಾಯಿ, ಒಟ್ಟು 46 ಅಡ್ಡಾದಿಡ್ಡಿ ದೊಡ್ಡ ಸಂಖ್ಯೆಗಳನ್ನು ಆಟದ ಮೊದಲೇ ಆರಿಸಿಟ್ಟುಕೊಳ್ಳಿ. ಕಾಯಿ ಇಟ್ಟಾಗ ಆ ಮನೆಯ ಸಂಖ್ಯೆಯನ್ನು ಒಟ್ಟು ಸಂಖ್ಯೆಗೆ ಎಕ್ಸ್‌ಆರ್ ಮಾಡಿ, ಎಂದರೆ ಎರಡರ ಬಿಟ್‌ಗಳನ್ನು ಹೋಲಿಸಿ ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0 ಬರೆಯಿರಿ. ಎತ್ತಿದಾಗ ಮತ್ತೆ ಅದನ್ನೇ ಎಕ್ಸ್‌ಆರ್ ಮಾಡಿ. ಗೋಡೆಯ ಸ್ವಿಚ್ಚಿನಂತೆ, ಒಮ್ಮೆ ಒತ್ತಿದರೆ ಹತ್ತಿತು, ಇನ್ನೊಮ್ಮೆ ಒತ್ತಿದರೆ ಆರಿತು. ಯಾರ ಸರದಿ ಎನ್ನುವುದಕ್ಕೂ ಒಂದು ಸಂಖ್ಯೆ ಇರಲಿ. ನಾನು ಅದನ್ನು ಮರೆತು ಒಂದು ವಾರ ಹಾಳು ಮಾಡಿಕೊಂಡಿದ್ದೆ.

ಈಗ ಮಾವನ ಕಥೆ. ನನ್ನ ಯಂತ್ರ ನಾಲ್ಕು ಮಟ್ಟ ನೋಡುತ್ತಿತ್ತು. ಎಡಮೂಲೆಯ ಹುಲಿಯ ಸುತ್ತ ಮಾವ ಕುರಿ ಕಟ್ಟುತ್ತ ಬಂದರು. ಇನ್ನು ಎರಡು ಕುರಿ ಇಟ್ಟರೆ ಹುಲಿ ಸಿಕ್ಕಿಬೀಳುತ್ತದೆ. ಅದು ಯಂತ್ರದ ನೋಟದೊಳಗೇ ಇತ್ತು, ತಪ್ಪಿಸುವ ದಾರಿಯೂ ಇರಲಿಲ್ಲ. ಆಗ ಯಂತ್ರ ಏನು ಮಾಡಿತು? ಬಲಗಡೆಯ ಹುಲಿಯನ್ನು ಒಂದು ಒಂಟಿ ಕುರಿಯ ಪಕ್ಕಕ್ಕೆ ಸರಿಸಿತು. ಹಾರುತ್ತೇನೆ ಎಂದು ಹೆದರಿಸುವ ನಡೆ. ಮಾವ ಕುರಿಯ ಹಿಂದಿನ ಖಾಲಿ ಮನೆಗೆ ಇನ್ನೊಂದು ಕುರಿ ಇಟ್ಟು ಮುಚ್ಚಿದರು. ಆ ಎರಡು ನಡೆಗಳಿಂದ ಎಡಮೂಲೆಯ ಅಪಾಯ ಎರಡು ಮಟ್ಟ ಹಿಂದಕ್ಕೆ ಸರಿದು, ನೋಟದ ಗೆರೆ ದಾಟಿ ಆಚೆ ಹೋಯಿತು. ಯಂತ್ರಕ್ಕೆ ಕಾಣದ್ದು ಇಲ್ಲವೇ ಇಲ್ಲ. ಗಂಡಾಂತರ ಕಳೆಯಿತು ಎಂದುಕೊಂಡಿತು. ಮುಂದಿನ ಸರದಿಯಲ್ಲಿ ಮತ್ತೆ ಕಂಡಿತು, ಮತ್ತೆ ಇನ್ನೊಂದು ಕುರಿಯನ್ನು ಹೆದರಿಸಿತು. ಮಾವ ಮತ್ತೆ ಮುಚ್ಚಿದರು. ಹೀಗೆ ಹೆದರಿಸಿ ಹೆದರಿಸಿಯೇ ಬಲಗಡೆಯ ಕೊಟ್ಟಿಗೆಯನ್ನೂ ತನ್ನ ಕೈಯಾರೆ ಕಟ್ಟಿಸಿಕೊಂಡಿತು.

ಇದಕ್ಕೆ ದಿಗಂತದ ದೋಷ ಎಂದು 1973ರಲ್ಲಿ ಹೆಸರಿಟ್ಟವನು ಹ್ಯಾನ್ಸ್ ಬರ್ಲೈನರ್, ಅಂಚೆಯ ಮೂಲಕ ಆಡುವ ಚದುರಂಗದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವನು. ಒಂದು ನಡೆಗೆ ದಿನಗಟ್ಟಲೆ ಕಾಯ್ದು ಆಡಿದವನಿಗೆ ಈ ಆತುರದ ರೋಗ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮದ್ದು ಅರ್ಧಂಬರ್ಧ. ಬಾಯಿ ಹಾಕುವ ಸ್ಥಿತಿಯಲ್ಲಿ ಲೆಕ್ಕ ನಿಲ್ಲಿಸಬಾರದು, ತಿನ್ನುವ ನಡೆಗಳನ್ನಷ್ಟೇ ಹಿಡಿದು, ಆಟದ ಹಾಸು ತಣ್ಣಗಾಗುವ ತನಕ ಮುಂದುವರಿಸಿ ಆಮೇಲೆ ಅಂಕ ಕೊಡಬೇಕು. ಇದರಿಂದ ರೋಗ ಕಡಿಮೆಯಾಗುತ್ತದೆ, ಹೋಗುವುದಿಲ್ಲ. ದಿಗಂತ ಎಲ್ಲಿಟ್ಟರೂ ಅದರಾಚೆ ಏನಾದರೂ ಇರುತ್ತದೆ.

1997ರ ಮೇ ತಿಂಗಳಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಕಾಸ್ಪರೋವ್‌ನನ್ನು ಮೂರೂವರೆ–ಎರಡೂವರೆಯಿಂದ ಸೋಲಿಸಿದ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಈ ಮನೆತನದ ಹಿರಿಯ. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುತ್ತಿತ್ತು. ಅದರ ಬಗ್ಗೆ ಎಲ್ಲರೂ ಬೇಕಾದಷ್ಟು ಬರೆದಿದ್ದಾರೆ, ಮುಂದೆ ಹೋಗೋಣ.

ಕವಡೆ ಹಿಡಿದರೆ ಈ ಕಟ್ಟಡ ಅಲುಗುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಚೆಲ್ಲುತ್ತೇವೆ. ಕವಡೆ ಎರಡೂ ಮೈಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ಹದಿನಾರರಲ್ಲಿ ನಾಲ್ಕು ಸಲ 1, ಆರು ಸಲ 2, ನಾಲ್ಕು ಸಲ 3, ಒಮ್ಮೆ 4, ಒಮ್ಮೆ 8. (ನಿಜವಾದ ಕವಡೆ ಹಾಗೆ ಬೀಳುವುದಿಲ್ಲ. ಅಜ್ಜಿಯ ಕೈಯಲ್ಲಿ ಅದು ಬೇರೆಯೇ ಗಣಿತ.) ಇಲ್ಲಿ ನಾನು ಮತ್ತು ಎದುರಾಳಿಯ ನಡುವೆ ಅದೃಷ್ಟ ಎಂಬ ಮೂರನೆಯವನು ಬಂದು ಕೂತ. ಅವನು ಹೆಚ್ಚಿನದನ್ನೂ ಆರಿಸುವುದಿಲ್ಲ, ಕಡಿಮೆಯದನ್ನೂ ಆರಿಸುವುದಿಲ್ಲ, ಆದ್ದರಿಂದ ಸರಾಸರಿ ತೆಗೆಯಬೇಕು. ಸರಾಸರಿ ತೆಗೆಯಲು ಹೆಚ್ಚುಕಡಿಮೆ ಎಲ್ಲ ಕೊಂಬೆಗಳೂ ಬೇಕು. ಬಾಗಿಲಲ್ಲೇ ಹಿಂದಿರುಗುವ ಸುಖ ಬಹುಪಾಲು ಹೋಯಿತು.

ಕಪ್ಪು–ಬಿಳಿ ಕಾಯಿಗಳಿಂದ ಜಾಗ ಸುತ್ತುವರಿಯುವ ಗೋ ಆಟದ ತೊಂದರೆ ಬೇರೆ. 19 ಗೆರೆ ಉದ್ದ, 19 ಗೆರೆ ಅಡ್ಡ, ಒಂದು ಸ್ಥಿತಿಗೆ ಸುಮಾರು 250 ನಡೆಗಳು. ಅದಕ್ಕಿಂತ ದೊಡ್ಡ ಕಷ್ಟ, ನಡುವೆ ನಿಂತು ಅಂಕ ಕೊಡಲು ಯಾರಿಗೂ ಬರುತ್ತಿರಲಿಲ್ಲ. 2006ರಲ್ಲಿ ಫ್ರಾನ್ಸಿನ ರೆಮಿ ಕುಲೋಂ ಒಂದು ದಾರಿ ಹಿಡಿದ. ಅಂಕವೇ ಬೇಡ, ಇಲ್ಲಿಂದ ಕೊನೆಯ ತನಕ ಕಣ್ಣುಮುಚ್ಚಿ ಆಡಿಬಿಡಿ, ಯಾರು ಗೆದ್ದರು ನೋಡಿ, ಹೀಗೆ ಸಾವಿರಾರು ಸಲ. ಇದು ಮಾಂಟೆ ಕಾರ್ಲೊ ಮರ. ಯಾವ ಕೊಂಬೆಯನ್ನು ಎಷ್ಟು ಸಲ ಆಡಬೇಕು ಎಂಬುದಕ್ಕೆ ಅದೇ ವರ್ಷ ಹಂಗೇರಿಯ ಕೊಚಿಷ್ ಮತ್ತು ಸೆಪೆಶ್ವಾರಿ ಒಂದು ಸೂತ್ರ ಕೊಟ್ಟರು. ಗಿರ್ಮಿಟ್ ತಿನ್ನುವವನ ಸೂತ್ರ ಎನ್ನಿ. ರುಚಿ ಗೊತ್ತಿರುವ ಅಂಗಡಿಗೇ ಹೆಚ್ಚು ಹೋಗುತ್ತೀರಿ, ಆದರೆ ಎರಡೇ ಸಲ ಹೋಗಿ ಬಿಟ್ಟ ಅಂಗಡಿಯ ಮೇಲೆ ಅನುಮಾನ ಉಳಿದಿರುತ್ತದೆ, ಅಂದು ಎಣ್ಣೆ ಹಳೆಯದಿತ್ತೋ ಏನೋ ಎಂದು. ಹೋಗದೆ ಕಳೆದಷ್ಟು ದಿನ ಆ ಅನುಮಾನಕ್ಕೆ ಬಡ್ಡಿ ಬೆಳೆಯುತ್ತದೆ. ರುಚಿಯ ಸರಾಸರಿಗೆ ಬಡ್ಡಿ ಕೂಡಿಸಿ, ಹೆಚ್ಚು ಬಂದ ಕಡೆಗೆ ನಡೆಯುತ್ತೀರಿ.

ಇದನ್ನು ನಾನು ಹುಲಿ–ಕುರಿಗೆ ಹಚ್ಚಿ ನೋಡಿದೆ, ಮನಸ್ಸಿಗೆ ಬರಲಿಲ್ಲ. ಈ ಆಟ ಬಲೆಗಳ ಆಟ. ಹತ್ತು ಉತ್ತರಗಳಲ್ಲಿ ಒಂಬತ್ತು ಸಪ್ಪೆ, ಹತ್ತನೆಯದು ಕತ್ತು ಹಿಸುಕುತ್ತದೆ. ಕಣ್ಣುಮುಚ್ಚಿ ಆಡುವವನು ಆ ಒಂಬತ್ತರ ಸರಾಸರಿಯಲ್ಲಿ ನೆಮ್ಮದಿಯಾಗಿರುತ್ತಾನೆ. ಚದುರಂಗದಲ್ಲೂ ಇದೇ ಕಷ್ಟ.

2016ರಲ್ಲಿ ಸೋಲ್ ನಗರದಲ್ಲಿ ಗೋ ಆಟದ ದಿಗ್ಗಜ ಲೀ ಸೆಡೋಲ್‌ನನ್ನು 4–1ರಿಂದ ಸೋಲಿಸಿದ ಆಲ್ಫಾಗೋ ಈ ಮರವನ್ನೇ ಇಟ್ಟುಕೊಂಡಿತ್ತು, ಜೊತೆಗೆ ನರಜಾಲಗಳನ್ನು, ಎಂದರೆ ಆಡಿದ ಆಟಗಳಿಂದ ತಾವೇ ಕಲಿಯುವ ಲೆಕ್ಕದ ಜಾಲಗಳನ್ನು, ತಂದಿತು: ಯಾವ ಕೊಂಬೆ ನೋಡತಕ್ಕದ್ದು ಎಂದು ಒಂದು ಹೇಳುತ್ತದೆ, ಸ್ಥಿತಿಯ ಬೆಲೆಯನ್ನು ಇನ್ನೊಂದು ಹೇಳುತ್ತದೆ. ಮುಂದಿನ ವರ್ಷ ಬಂದ ಆಲ್ಫಾಜೀರೊ ಚದುರಂಗದಲ್ಲಿ ಸೆಕೆಂಡಿಗೆ 80,000 ಸ್ಥಿತಿ ನೋಡುತ್ತಿತ್ತು. ಎದುರಿಗಿದ್ದ ಸ್ಟಾಕ್‌ಫಿಶ್ ಎಂಬ ಚದುರಂಗದ ಪ್ರೋಗ್ರಾಂ, ಆಲ್ಫಾ–ಬೀಟಾ ಮನೆತನದ್ದು, 7 ಕೋಟಿ ನೋಡುತ್ತಿತ್ತು. ನೂರು ಆಟಗಳಲ್ಲಿ ಆಲ್ಫಾಜೀರೊ 28 ಗೆದ್ದು 72 ಸರಿಸಮ ಮಾಡಿಕೊಂಡಿತು, ಒಂದನ್ನೂ ಸೋಲಲಿಲ್ಲ. ಪಂದ್ಯದ ಷರತ್ತುಗಳ ಬಗ್ಗೆ ತಕರಾರು ಎದ್ದವು, ಅವುಗಳಲ್ಲಿ ಹುರುಳೂ ಇತ್ತು. ಆದರೂ ಹೆಚ್ಚುಕಡಿಮೆ ಸಾವಿರ ಪಾಲು ಕಡಿಮೆ ನೋಡಿ ಸೋಲದೆ ಉಳಿದದ್ದು ಸಣ್ಣ ಮಾತಲ್ಲ. ನೀರಿನ ಪ್ರಶ್ನೆಯನ್ನು ಮೊದಲು ಕೇಳಬೇಕು ಎಂದು ಯಾರೂ ಹೇಳಿಕೊಡದೆ ಅದು ತಾನೇ ಕಲಿತಿತ್ತು. 2020ರಲ್ಲಿ ಸ್ಟಾಕ್‌ಫಿಶ್ ಕೂಡ ಅಂಕ ಕೊಡುವ ಕೆಲಸಕ್ಕೆ ಒಂದು ಸಣ್ಣ ನರಜಾಲ ಸೇರಿಸಿಕೊಂಡು, ಹಳೆಯ ಆಲ್ಫಾ–ಬೀಟಾ ಬಿಡದೆ ಬಲವಾಗಿ ಎದ್ದುನಿಂತಿತು.

ಮಾತು ಮುಗಿದ ಮೇಲೆ ಎರಡು ಪ್ರಶ್ನೆಗಳು ಬಂದವು. ನಿವೃತ್ತ ಶಿಕ್ಷಕರೊಬ್ಬರು ಎದ್ದು, ‘ಸರ್, ಇಬ್ಬರೂ ತಪ್ಪದೆ ಆಡಿದರೆ ಗೆಲ್ಲುವುದು ಹುಲಿಯೋ ಕುರಿಯೋ?’ ಎಂದು ಕೇಳಿದರು. ನಮ್ಮ ತ್ರಿಕೋನದ ಹಾಸಿಗೆ ನಾನು ಉತ್ತರ ಹೇಳಲಾರೆ. ನೇಪಾಳದ ಬಾಘ್ ಚಾಲ್ ಇದರ ದಾಯಾದಿ, 25 ಮನೆ, 4 ಹುಲಿ, 20 ಆಡು. ಅದು ಸರಿಸಮ ಎಂದು ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಲೆಕ್ಕ ಹಾಕಿ ತೋರಿಸಿದ್ದಾರೆ. ಒಂದರೊಳಗೊಂದು ಮೂರು ಚೌಕ ಗೀರಿ ಒಂಬತ್ತೊಂಬತ್ತು ಕಾಯಿಗಳಿಂದ ಸಾಲು ಕಟ್ಟುವ ಆಟವೂ ಸರಿಸಮವೇ, 1993ರಲ್ಲಿ ರಾಲ್ಫ್ ಗ್ಯಾಸರ್ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು ಬಿಡಿಸಿದ. ಚೆಕರ್ಸ್ ಆಟವನ್ನು ಜೊನಾಥನ್ ಶೆಫರ್ ತಂಡ 1989ರಲ್ಲಿ ಕೈಗೆತ್ತಿಕೊಂಡು 2007ರಲ್ಲಿ ಮುಗಿಸಿತು, ಅದೂ ಸರಿಸಮ. ಹಿರಿಯರಿಗೆ ಸಮಾಧಾನವಾಗಲಿಲ್ಲ. ‘ಕುರಿಯೇ ಗೆಲ್ಲಬೇಕು’ ಎನ್ನುತ್ತ ಕೂತರು.

ಹಿಂದಿನ ಸಾಲಿನ ಹುಡುಗಿಯೊಬ್ಬಳ ಪ್ರಶ್ನೆ: ಇದನ್ನು ಬರೆಯಲು ಎಷ್ಟು ಸಾಲು ಕೋಡ್ ಬೇಕು? ಹಾಸು, ನಡೆ, ಅಂಕ, ಆಲ್ಫಾ–ಬೀಟಾ ಎಲ್ಲ ಸೇರಿ ಇನ್ನೂರು ಸಾಲಿನೊಳಗೆ ಮುಗಿಯುತ್ತದೆ, ಎರಡು ಸಂಜೆಯ ಕೆಲಸ. ಇಬ್ಬರ ಸರದಿಗೂ ಒಂದೇ ಫಂಕ್ಷನ್ ಬರೆದು, ಸರದಿ ಬದಲಾದಾಗ ಅಂಕದ ಚಿಹ್ನೆ ತಿರುಗಿಸುವುದು ಸುಲಭದ ದಾರಿ. ಮೊದಲ ಸಲ ಓಡಿಸಿದಾಗ ನಿಮ್ಮ ಹುಲಿ ಕುರಿಗಳ ನಡುವೆ ತಾನಾಗಿ ಹೋಗಿ ಕೂತು ಕಟ್ಟಿಸಿಕೊಂಡರೆ ಗಾಬರಿಯಾಗಬೇಡಿ ಎಂದೆ. ಎಲ್ಲೋ ಒಂದು ಮೈನಸ್ ಬಿಟ್ಟುಹೋಗಿರುತ್ತದೆ, ಅದನ್ನು ಹುಡುಕಿ.